ಸ್ಯಾಕ್ಸೋಫೋನ್ ಕಲಿಯಬೇಕಾ? ಮೊದಲು ಮಾಸ್ಟ್ರನ್ನು ಹುಡುಕಿ, ವಾದ್ಯ ಆಮೇಲೆ ತಗೊಳ್ಳಿ

ಮಂಗಳೂರು: ಪತ್ತನಾಜೆ ಕಳೆದು ಮಳೆ ಹಿಡಿಯಿತು ಅಂದರೆ ಜಿಲ್ಲೆಯ ಸ್ಯಾಕ್ಸೋಫೋನ್ ವಾದಕರಿಗೆ ಸ್ವಲ್ಪ ಬಿಡುವು. ಕೋಲ, ನೇಮ, ಜಾತ್ರೆ ಎಲ್ಲ ನಿಂತಿರುತ್ತದೆ. ಮದುವೆ ಹಾಲ್‌ಗಳೂ ಹೆಚ್ಚಾಗಿ ಖಾಲಿ. ರಾತ್ರಿಯಿಡೀ ಊದಿ ಬೆಳಿಗ್ಗೆ ಮತ್ತೊಂದು ಕಡೆ ದಿಬ್ಬಣಕ್ಕೆ ಓಡುವ ಗಡಿಬಿಡಿ ಇರುವುದಿಲ್ಲ. ಶಾಲೆಗಳೂ ಇದೇ ಹೊತ್ತಿಗೆ ಶುರುವಾಗುತ್ತವೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಈಗಲೇ ಮಾತು ಏಳುವುದು: "ಮಗನನ್ನು ಸ್ಯಾಕ್ಸೋಫೋನ್ ಕ್ಲಾಸಿಗೆ ಹಾಕುವಾ?"

ಹಾಕುವುದೇನೋ ಸರಿ. ಆದರೆ ಎಲ್ಲಿಗೆ, ಯಾರ ಹತ್ತಿರ ಎನ್ನುವುದನ್ನು ಕೇಳದೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ವಾದ್ಯದ ರೇಟ್ ನೋಡುವುದು. ಕಡಿಮೆ ಬೆಲೆಯ ಆಲ್ಟೋ ಸ್ಯಾಕ್ಸೋಫೋನ್ ಅಂದರೂ ಇಪ್ಪತ್ತು ಮೂವತ್ತು ಸಾವಿರ ಬೇಕು. ಹೆಸರುವಾಸಿ ಕಂಪನಿಯದ್ದಾದರೆ ಕಲಿಯುವವರ ಮಾಡೆಲ್ಲೇ ಒಂದು ಲಕ್ಷದ ಮೇಲೆ ಹೋಗುತ್ತದೆ. ಪಾರ್ಸೆಲ್ ಬಂತು, ಪೆಟ್ಟಿಗೆ ತೆರೆದಾಯಿತು, ಹೊಳೆಯುವ ವಾದ್ಯದ ಜೊತೆ ಫೋಟೋವೂ ಆಯಿತು. ಆಮೇಲೆ ಮನೆಗೆ ಹತ್ತಿರ ಇರುವ ಯಾರೋ ಒಬ್ಬರ ಬಳಿ ಸೇರಿಸಿಯೂ ಆಯಿತು. ಆರು ತಿಂಗಳಲ್ಲಿ ಪೆಟ್ಟಿಗೆ ಅಟ್ಟಕ್ಕೆ. ತಪ್ಪು ಮಗುವಿನದ್ದೂ ಅಲ್ಲ, ಎಷ್ಟೋ ಸಲ ಮಾಸ್ಟ್ರದ್ದೂ ಅಲ್ಲ. ಇವರಿಗೆ ಬೇಕಾದದ್ದು ಒಂದು, ಅವರು ಕಲಿಸುವುದು ಇನ್ನೊಂದು, ಅಷ್ಟೇ.

ಎಂತ ನುಡಿಸಬೇಕು?

ಸ್ಯಾಕ್ಸೋಫೋನ್ ಒಂದೇ ಆದರೂ ಈ ಊರಿನಲ್ಲಿ ಅದರ ದಾರಿ ಮೂರ್ನಾಲ್ಕು ಉಂಟು. ಒಂದು ಕರ್ನಾಟಕ ಸಂಗೀತದ ಕಛೇರಿ. ಇನ್ನೊಂದು ದೇವಸ್ಥಾನದ ಉತ್ಸವ, ಕೋಲ, ಮದುವೆಯ ವಾಲಗ. ಮತ್ತೊಂದು ಆರ್ಕೆಸ್ಟ್ರಾ, ಸಿನಿಮಾ ಹಾಡು. ಚರ್ಚ್ ಬ್ಯಾಂಡ್ ಮತ್ತು ಪಾಶ್ಚಾತ್ಯ ಸಂಗೀತದ ದಾರಿ ಬೇರೆಯೇ. ಅಲ್ಲಿ ಸ್ಟಾಫ್ ನೊಟೇಶನ್ ಓದಲು ಬರಬೇಕು, ಟ್ರಿನಿಟಿಯಂಥ ಗ್ರೇಡ್ ಪರೀಕ್ಷೆಗಳೂ ಇರುತ್ತವೆ.

ಕಛೇರಿ ದಾರಿಯ ಮಾಸ್ಟ್ರು ಮಾಯಾಮಾಳವಗೌಳದಲ್ಲಿ ಸರಳೆಯಿಂದ ಶುರು ಮಾಡುತ್ತಾರೆ. ಜಂಟಿ, ಅಲಂಕಾರ, ಗೀತೆ ದಾಟಿ ವರ್ಣಕ್ಕೆ ಬರುವಾಗ ವರ್ಷಗಳೇ ಕಳೆದಿರುತ್ತವೆ. ಮಗನಿಗೆ ಅಣ್ಣನ ಮದುವೆಯಲ್ಲಿ ಎರಡು ಸಿನಿಮಾ ಹಾಡು ಬಾರಿಸಿದರೆ ಸಾಕು ಅಂತಿದ್ದರೆ ಅಲ್ಲಿ ಅವನಿಗೆ ಉದಾಸೀನ ಬರುವುದು ಖಂಡಿತ. ಉಲ್ಟಾ ಕೂಡ ಹಾಗೆಯೇ. ಕಛೇರಿ ಮಾಡುವ ಆಸೆ ಇಟ್ಟುಕೊಂಡವನು ಮೂರನೇ ಕ್ಲಾಸಿನಲ್ಲೇ ಹಾಡು ಹೇಳಿಕೊಡುವವರ ಬಳಿ ಹೋದರೆ ನಾಲ್ಕು ವರ್ಷವಾದ ಮೇಲೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಬಾಯಿಗೂ ಬೆರಳಿಗೂ ಹತ್ತಿದ ಅಭ್ಯಾಸ ಬಿಡಿಸುವುದು ಹೊಸದು ಕಲಿಯುವುದಕ್ಕಿಂತ ಕಷ್ಟ.

ಶ್ರುತಿಯ ವಿಷಯದಲ್ಲೂ ಸಣ್ಣ ಗೊಂದಲ ಉಂಟು. ಆಲ್ಟೋ ಸ್ಯಾಕ್ಸೋಫೋನಿನಲ್ಲಿ 'ಸಿ' ಅಂತ ಬೆರಳು ಹಿಡಿದು ಊದಿದರೆ ಕೇಳುವುದು ಹಾರ್ಮೋನಿಯಂನ ಕಪ್ಪು ಎರಡು. ಟೆನರ್‌ನಲ್ಲಿ ಅದೇ ಬೆರಳಿಗೆ ಬೇರೆ ಸ್ವರ. ಇದನ್ನು ಬಿಡಿಸಿ ಹೇಳದ ಮಾಸ್ಟ್ರ ಬಳಿ ಕಲಿತವರು ಕರೋಕೆ ಟ್ರ್ಯಾಕ್ ಹಾಕಿ ಊದುವಾಗ ಒಂದಕ್ಕೊಂದು ಕೂಡದೆ ತಲೆ ಕೆಡಿಸಿಕೊಳ್ಳುತ್ತಾರೆ.

ಕದ್ರಿಯವರ ಗುರುಗಳು ಯಾರು?

ಈ ಜಿಲ್ಲೆಯಲ್ಲಿ ಸ್ಯಾಕ್ಸೋಫೋನ್ ಅಂದರೆ ಮೊದಲು ಬರುವ ಹೆಸರು ಕದ್ರಿ ಗೋಪಾಲನಾಥ್. 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದವರು. ತಂದೆ ತನಿಯಪ್ಪ ನಾಗಸ್ವರ ವಾದಕರು, ಮೊದಲ ಪಾಠ ಅವರಿಂದಲೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹಿಂದೆ ಬಿದ್ದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ, ಮಿಲಿಟರಿ ಬ್ಯಾಂಡಿಗೆ ಹೋದ ವಾದ್ಯ ಅದು. ಅದರಲ್ಲಿ ಕರ್ನಾಟಕ ಸಂಗೀತ ನುಡಿಸುವುದನ್ನು ಹೇಳಿಕೊಡುವ ಮಾಸ್ಟ್ರು ಆಗ ಬೀದಿಗೊಬ್ಬರು ಇರಲಿಲ್ಲ.

ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಿಗೆ ಗುರುಗಳಾದರು. ಮುಂದೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಸಿಕ್ಕಿದರು. ಟಿ.ವಿ. ಗೋಪಾಲಕೃಷ್ಣನ್ ಹೆಸರು ಮಾಡಿದ್ದು ಮೃದಂಗ ಮತ್ತು ಹಾಡುಗಾರಿಕೆಯಲ್ಲಿ, ಸ್ಯಾಕ್ಸೋಫೋನಿನಲ್ಲಿ ಅಲ್ಲ. ವಾದ್ಯವನ್ನು ಗಮಕಕ್ಕೆ ಒಗ್ಗಿಸುವ ಕೆಲಸ ಗೋಪಾಲನಾಥರೇ ಮಾಡಬೇಕಾಯಿತು, ವಾದ್ಯದಲ್ಲಿ ತಮಗೆ ಬೇಕಾದಂತೆ ಬದಲಾವಣೆಯನ್ನೂ ಮಾಡಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಅದೇ ವರ್ಷ ಎ.ಆರ್. ರೆಹಮಾನ್ ಸಂಗೀತದ 'ಡ್ಯುಯೆಟ್' ತಮಿಳು ಸಿನಿಮಾದಲ್ಲೂ ಅವರ ವಾದನ ಕೇಳಿತು. 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಇದನ್ನು ಹೇಳಲು ಕಾರಣ ಉಂಟು. ರಾಗ ತಾಳ ಕಲಿಸಲು ಸ್ಯಾಕ್ಸೋಫೋನ್ ವಾದಕರೇ ಬೇಕೆಂದಿಲ್ಲ. ಹತ್ತಿರದಲ್ಲಿ ಒಳ್ಳೆಯ ಹಾಡುಗಾರಿಕೆ ಟೀಚರ್ ಇದ್ದರೆ ಅವರಲ್ಲಿ ಸ್ವರಜ್ಞಾನ ಪಡೆಯಬಹುದು. ಆದರೆ ಊದುವ ಕ್ರಮ, ತುಟಿ, ಹಲ್ಲು, ಉಸಿರು ಇವನ್ನು ಮಾತ್ರ ಸ್ಯಾಕ್ಸೋಫೋನ್ ಗೊತ್ತಿರುವವರೇ ಹೇಳಿಕೊಡಬೇಕು. ನಾಗಸ್ವರ ವಿದ್ವಾಂಸರಿಗೂ ಈ ಮಾತು ಅನ್ವಯಿಸುತ್ತದೆ. ನಾಗಸ್ವರದ್ದು ಜೋಡಿ ಸೀಳು, ತೂತುಗಳ ಮೇಲೆ ನೇರ ಬೆರಳು. ಸ್ಯಾಕ್ಸೋಫೋನಿನದ್ದು ಮೌತ್‌ಪೀಸಿಗೆ ಕಟ್ಟಿದ ಒಂದೇ ರೀಡ್, ಬೆರಳಿಗೂ ತೂತಿಗೂ ನಡುವೆ ಕೀ ಮತ್ತು ಪ್ಯಾಡ್. ನಾಗಸ್ವರದಲ್ಲಿ ಬೆರಳು ಸರಿಸಿ ಬರಿಸುವ ಗಮಕವನ್ನು ಇಲ್ಲಿ ತುಟಿಯ ಒತ್ತಡ, ದವಡೆ, ಅರ್ಧ ತೆರೆದ ಕೀ ಸೇರಿಸಿ ಬರಿಸಬೇಕು. ಆದ್ದರಿಂದ ವಾರಕ್ಕೊಮ್ಮೆ ಹಾಡುಗಾರಿಕೆ ಟೀಚರ್, ಹದಿನೈದು ದಿನಕ್ಕೊಮ್ಮೆ ಪೇಟೆಯ ಸ್ಯಾಕ್ಸೋಫೋನ್ ಮಾಸ್ಟ್ರು ಅಂತ ಇಬ್ಬರನ್ನು ಇಟ್ಟುಕೊಂಡರೂ ತಪ್ಪಿಲ್ಲ. ಸುಳ್ಯ, ಕಡಬದ ಒಳಭಾಗದವರಿಗೆ ಅದೇ ಅನುಕೂಲ ಆಗಬಹುದು. ಇಬ್ಬರಿಗೂ ವಿಷಯ ಗೊತ್ತಿರಲಿ, ಮುಚ್ಚಿಡಬೇಡಿ.

ಮೊದಲ ನಾಲ್ಕು ಕ್ಲಾಸಿನಲ್ಲೇ ಗೊತ್ತಾಗುತ್ತದೆ

ಒಳ್ಳೆಯ ವಾದಕರೆಲ್ಲ ಒಳ್ಳೆಯ ಮಾಸ್ಟ್ರಲ್ಲ. ಇದು ಬೇಸರದ ಮಾತಾದರೂ ನಿಜ. ಸೇರುವ ಮೊದಲು ಅವರ ಕಾರ್ಯಕ್ರಮ ನೋಡುವುದಕ್ಕಿಂತ ಅವರ ಶಿಷ್ಯರಲ್ಲಿ ಎರಡು ವರ್ಷ ಕಲಿತವನೊಬ್ಬ ಊದುವುದನ್ನು ಕೇಳಿ. ಸ್ವರ ನಡುಗದೆ ನಿಲ್ಲುತ್ತದಾ, ಮಂದ್ರದಿಂದ ತಾರಕ್ಕೆ ಹೋಗುವಾಗ ಕೀರಲು ಶಬ್ದ ಬರುತ್ತದಾ, ಅಷ್ಟು ಸಾಕು. ಒಂದು ಕ್ಲಾಸಿನಲ್ಲಿ ಹಿಂದೆ ಕೂತು ನೋಡುತ್ತೇವೆ ಅಂತ ಕೇಳಿದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ.

ಕ್ಲಾಸ್ ಶುರುವಾದ ಮೇಲೆ ಮಾಸ್ಟ್ರ ಕಣ್ಣು ಎಲ್ಲಿದೆ ನೋಡಿ. ಮೇಲಿನ ಮುಂದಿನ ಹಲ್ಲು ಮೌತ್‌ಪೀಸಿನ ಮೇಲೆ ಕೂರಬೇಕು, ಕೆಳತುಟಿ ಕೆಳಹಲ್ಲಿನ ಮೇಲೆ ಸ್ವಲ್ಪ ಮಡಚಿಕೊಂಡು ರೀಡಿಗೆ ಮೆತ್ತೆಯಂತಿರಬೇಕು, ಕೆನ್ನೆ ಉಬ್ಬಬಾರದು, ಗಾಳಿ ಹೊಟ್ಟೆಯಿಂದ ಬರಬೇಕು. ಮೊದಲ ವಾರಗಳಲ್ಲಿ ಇದನ್ನೇ ಹತ್ತು ಸಲ ತಿದ್ದುವವರು, ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿಸುವವರು ಸಿಕ್ಕಿದರೆ ಬಿಡಬೇಡಿ. ಮಕ್ಕಳಿಗೆ ಬೋರ್ ಆಗುತ್ತದೆ, ಆಗಲಿ. ಹೊಸಬರಿಗೆ ಒಂದೂವರೆ ಅಥವಾ ಎರಡು ನಂಬರಿನ ಮೆದು ರೀಡ್ ಕೊಡಬೇಕು. ತಾವು ಬಳಸುವ ಗಟ್ಟಿ ರೀಡನ್ನೇ ಕೊಟ್ಟು "ಜೋರಾಗಿ ಊದು" ಅಂತ ಗದರಿಸುವವರ ಹತ್ತಿರ ಮಗು ತುಟಿ ಕಚ್ಚಿ ಊದಲು ಕಲಿಯುತ್ತದೆ. ಆ ಅಭ್ಯಾಸ ಆಮೇಲೆ ಸುಲಭದಲ್ಲಿ ಹೋಗುವುದಿಲ್ಲ.

ವಯಸ್ಸಿನ ಬಗ್ಗೆ ಒಂದು ಮಾತು. ಆಲ್ಟೋ ಸುಮಾರು ಎರಡೂವರೆ ಕಿಲೋ ತೂಗುತ್ತದೆ, ಭಾರವೆಲ್ಲ ಕುತ್ತಿಗೆಯ ಪಟ್ಟಿಗೆ. ಹಾಲುಹಲ್ಲು ಬಿದ್ದು ಮುಂದಿನ ಹಲ್ಲು ಗಟ್ಟಿಯಾಗಿ ಬಂದಿರಬೇಕು. ಆರು ವರ್ಷದ ಮಗುವನ್ನು ಕರೆದೊಯ್ದರೂ "ಆಗಬಹುದು, ಸೇರಿಸಿ" ಅನ್ನುವ ಮಾಸ್ಟ್ರಿಗೆ ಫೀಸಿನ ಅರ್ಜೆಂಟ್ ಇರಬಹುದು. "ಈಗ ಹಾಡಲು ಕಲಿಯಲಿ, ಎರಡು ಮೂರು ವರ್ಷ ಬಿಟ್ಟು ಬನ್ನಿ" ಅಂದವರ ನಂಬರ್ ಇಟ್ಟುಕೊಳ್ಳಿ. ಇನ್ನು ಹುಡುಗಿಯರಿಗೆ ಇಷ್ಟು ದಮ್ಮು ಎಲ್ಲಿಂದ ಎನ್ನುವ ಹಳೇ ಪ್ರಶ್ನೆ. ಬೆಂಗಳೂರಿನ ಸಹೋದರಿಯರಾದ ಲಾವಣ್ಯ ಮತ್ತು ಸುಬ್ಬಲಕ್ಷ್ಮಿ ಸ್ಯಾಕ್ಸೋಫೋನ್ ಕಛೇರಿಗಳಿಗೇ ಹೆಸರಾದವರು, ಆ ಪ್ರಶ್ನೆ ಕೇಳುವವರಿಗೆ ಅವರ ವಿಡಿಯೋ ತೋರಿಸಿದರೆ ಆಯಿತು.

ಆನ್‌ಲೈನ್ ಕ್ಲಾಸ್? ಪರಊರಲ್ಲಿ, ಗಲ್ಫ್‌ನಲ್ಲಿ ಇರುವವರಿಗೆ ಬೇರೆ ದಾರಿ ಇಲ್ಲದಿರಬಹುದು. ಆದರೆ ನೆಟ್‌ನಲ್ಲಿ ಶಬ್ದ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ಊದಲು ಆಗುವುದಿಲ್ಲ, ತುಟಿಯ ಮೂಲೆಯಿಂದ ಗಾಳಿ ಸೋರುವುದು ಮೊಬೈಲಿನಲ್ಲಿ ಕಾಣುವುದೂ ಇಲ್ಲ. ಮೊದಲ ಮೂರು ತಿಂಗಳಾದರೂ ಎದುರು ಕೂತು ಕಲಿಯುವುದು ಒಳ್ಳೆಯದು.

ಸೀಸನ್ ಮತ್ತು ದುಡ್ಡಿನ ವಿಷಯ

ಇಲ್ಲಿನ ಒಳ್ಳೆಯ ಮಾಸ್ಟ್ರುಗಳಲ್ಲಿ ಹೆಚ್ಚಿನವರಿಗೆ ಹೊಟ್ಟೆಪಾಡು ಕಾರ್ಯಕ್ರಮವೇ. ದೀಪಾವಳಿ ಕಳೆದ ಮೇಲೆ ಕ್ಲಾಸ್ ತಪ್ಪುವುದು ಇದ್ದದ್ದೇ. ರಾತ್ರಿ ಕೋಲದಲ್ಲಿ ಊದಿದವರು ಬೆಳಿಗ್ಗೆ ಎಂಟಕ್ಕೆ ಪಾಠ ಹೇಳಲಿ ಅನ್ನುವುದು ನ್ಯಾಯವೂ ಅಲ್ಲ. ಆದ್ದರಿಂದ ಫೀಸ್ ತಿಂಗಳ ಲೆಕ್ಕವಾ, ಕ್ಲಾಸಿನ ಲೆಕ್ಕವಾ, ತಪ್ಪಿದ ಕ್ಲಾಸ್ ಯಾವಾಗ ಕೊಡುತ್ತೀರಿ ಅಂತ ಮಳೆಗಾಲದಲ್ಲೇ ಮಾತಾಡಿಕೊಳ್ಳಿ. ಕೇಳಿದರೆ ಗುರುಗಳಿಗೆ ಬೇಜಾರಾದೀತು ಅಂತ ಸುಮ್ಮನಿದ್ದು ಡಿಸೆಂಬರಿನಲ್ಲಿ ಮುಖ ಊದಿಸಿಕೊಳ್ಳುವುದಕ್ಕಿಂತ ಅದು ವಾಸಿ. ವರ್ಷದ ಫೀಸ್ ಒಟ್ಟಿಗೆ ಕೊಡಿ ಅಂದರೆ ಮಾತ್ರ ಎರಡು ಸಲ ಯೋಚಿಸಿ.

ಸೂಕ್ಷ್ಮ ವಿಷಯ ಇನ್ನೊಂದು. ಸ್ವಲ್ಪ ಊದಲು ಬಂದ ಶಿಷ್ಯರನ್ನು ಮಾಸ್ಟ್ರು ತಂಡದ ಜೊತೆ ಕರೆದುಕೊಂಡು ಹೋಗುತ್ತಾರೆ. ಎಷ್ಟೋ ವಾದಕರು ತಯಾರಾದದ್ದೇ ಹೀಗೆ, ಹಿಂದೆ ಕೂತು ಶ್ರುತಿ ಹಿಡಿದು. ದೈವದ ಹೆಜ್ಜೆ ನೋಡಿ ತಾಸೆ ಡೋಲಿನ ಜೊತೆ ನುಡಿಸುವುದನ್ನು ಯಾವ ಕ್ಲಾಸ್ ರೂಮಿನಲ್ಲೂ ಕಲಿಯಲಾಗುವುದಿಲ್ಲ. ವಾಲಗದ ದಾರಿ ಹಿಡಿಯುವ ಹುಡುಗನಿಗೆ ಇದು ಭಾಗ್ಯ. ಆದರೆ ಪಾಠ ನಿಂತೇ ಹೋಗಿ ಬರೀ ಕಾರ್ಯಕ್ರಮ ಆದರೆ, ಅದರಲ್ಲೂ ವರ್ಷ ಕಳೆದರೂ ಕೈಗೆ ನೂರು ರೂಪಾಯಿಯೂ ಸಿಗದಿದ್ದರೆ, ಅದು ಕಲಿಕೆಯಾ ಬಿಟ್ಟಿ ಕೆಲಸವಾ ಅಂತ ಮನೆಯವರು ಕೇಳಲೇಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ರಾತ್ರಿ ನಿದ್ದೆಯ ಪ್ರಶ್ನೆಯೂ ಇದರಲ್ಲಿ ಉಂಟು.

ವಾದ್ಯ ಕೊಳ್ಳುವುದು ಕೊನೆಗೆ. ಮೊದಲ ಒಂದೆರಡು ತಿಂಗಳಿಗೆ ಮಾಸ್ಟ್ರ ಬಳಿ ಹಳೆಯ ವಾದ್ಯ ಇದೆಯಾ, ಬಾಡಿಗೆಗೆ ಸಿಗುತ್ತದಾ ಕೇಳಿ. ಮೌತ್‌ಪೀಸ್ ಮತ್ತು ರೀಡ್ ಮಾತ್ರ ಸ್ವಂತದ್ದು ಇರಲಿ, ಬಾಯಿಗೆ ಇಡುವ ವಸ್ತು. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಮಾಸ್ಟ್ರ ಕೈಯಲ್ಲಿ ಊದಿಸಿಯೇ ದುಡ್ಡು ಕೊಡಿ. ಪ್ಯಾಡ್ ಸೋರುವ ವಾದ್ಯದಲ್ಲಿ ಕೆಳಸ್ವರ ಬರುವುದೇ ಇಲ್ಲ, ಮಗು ತನಗೇ ಬರುವುದಿಲ್ಲ ಅಂದುಕೊಳ್ಳುತ್ತದೆ. ಇಂಥದ್ದೇ ಅಂಗಡಿಯಲ್ಲಿ, ಇಂಥದ್ದೇ ವಾದ್ಯ ಇವತ್ತೇ ತಗೊಳ್ಳಿ ಅಂತ ಮೊದಲ ದಿನವೇ ಒತ್ತಾಯ ಮಾಡಿದರೆ ಇನ್ನೊಂದು ಕಡೆಯೂ ರೇಟ್ ವಿಚಾರಿಸಿ.

ಕರಾವಳಿಯ ಮಳೆಗಾಲದಲ್ಲಿ ಊದಿದ ಕೂಡಲೇ ವಾದ್ಯದ ಒಳಗೆ ಬಟ್ಟೆ ಎಳೆದು ಒರೆಸದೆ ಪೆಟ್ಟಿಗೆ ಮುಚ್ಚಿದರೆ ಪ್ಯಾಡ್ ನೀರು ಕುಡಿದು ಉಬ್ಬುತ್ತದೆ, ರೀಡಿಗೆ ಬೂಸ್ಟು ಹಿಡಿಯುತ್ತದೆ. ಇದನ್ನು ಮೊದಲ ಕ್ಲಾಸಿನಲ್ಲೇ ಹೇಳಿಕೊಟ್ಟು, ಮುಂದಿನ ವಾರ ಪೆಟ್ಟಿಗೆ ತೆರೆದು ನೋಡುವ ಮಾಸ್ಟ್ರೂ ಇದ್ದಾರೆ. ಅಂಥವರ ಮನೆ ಬಸ್ಸಿನಲ್ಲಿ ಒಂದು ಗಂಟೆ ದೂರವಾದರೂ ಹೋಗಿ.