‘ಇದರಲ್ಲಿ ಕಟ್ಟಡ ಎಲ್ಲಿದೆ?’

ವ್ಯೂ ಪಾಯಿಂಟ್ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಗುಡ್ಡದ ನೆತ್ತಿಯ ಮೇಲೊಂದು ಕಾಂಕ್ರೀಟ್ ಮಂಟಪ, ಫಳಫಳ ಹೊಳೆಯುವ ಸ್ಟೀಲ್ ರೇಲಿಂಗ್, ಪಕ್ಕದಲ್ಲೊಂದು ಸೆಲ್ಫಿ ಬೋರ್ಡು. ಅಲ್ಲಿ ನಿಂತವರಿಗೆ ಕಣಿವೆ ಚೆಂದ ಕಾಣುತ್ತದೆ, ನಿಜ. ಆದರೆ ಕಣಿವೆಯಲ್ಲಿ ನಿಂತು ಮೇಲೆ ನೋಡುವವರಿಗೆ? ಅವರ ಕಣ್ಣಿಗೆ ಮೊದಲು ಬೀಳುವುದು ಗುಡ್ಡವಲ್ಲ, ಆ ಮಂಟಪ.

ಆರ್ಕಿಟೆಕ್ಚರ್ ಕೊನೆಯ ವರ್ಷದ ಥೀಸಿಸ್‌ಗೆ ನಾನು ಆರಿಸಿಕೊಂಡದ್ದು ಇದೇ ವಿಷಯ. ಜ್ವಾಲಾಮುಖಿಯ ನೆಲದಲ್ಲಿ, ನೆಲದೊಂದಿಗೆ ಬೆರೆತುಹೋಗುವ ಒಂದು ವೀಕ್ಷಣಾ ಡೆಕ್. ‘ಜ್ವಾಲಾಮುಖಿ ನಮ್ಮಲ್ಲಿ ಎಲ್ಲಿದೆ?’ ಎಂದು ಕ್ಲಾಸಿನಲ್ಲಿ ನಕ್ಕವರಿದ್ದರು. ನಾನು ವಿಜಯಪುರ ಜಿಲ್ಲೆಯವಳು. ನಮ್ಮ ಕರಿಕಲ್ಲು, ನಮ್ಮ ಎರೆ ಹೊಲ ಎಲ್ಲವೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಮಕ್ಕಳೇ. ಹಾಗಾಗಿ ಡೋಣಿ ನದಿಯ ಬಯಲು ಕಾಣುವ ಒಂದು ಕರಿಕಲ್ಲಿನ ದಿಬ್ಬವನ್ನೇ ಸೈಟ್ ಮಾಡಿಕೊಂಡೆ.

ಪಾಠಕ್ಕೆ ಮಾತ್ರ ದೂರ ಹೋಗಬೇಕಾಯಿತು. ಆಫ್ರಿಕಾದ ಕರಾವಳಿಗೆ ಹತ್ತಿರ, ಅಟ್ಲಾಂಟಿಕ್ ಸಾಗರದಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಲಾಂಜರೋಟೆ ಎಂಬ ದ್ವೀಪವಿದೆ. ಅಲ್ಲಿ 1730ರಲ್ಲಿ ಶುರುವಾದ ಜ್ವಾಲಾಮುಖಿ ಸ್ಫೋಟಗಳು 1736ರವರೆಗೆ ನಡೆದು, ದ್ವೀಪದ ಸುಮಾರು ಕಾಲು ಭಾಗ ಲಾವಾದಡಿ ಮುಚ್ಚಿಹೋಯಿತು. ಜನ ಅದೇ ಕಪ್ಪು ಬೂದಿಯಲ್ಲಿ ಗುಂಡಿ ತೋಡಿ, ಗಾಳಿಗೆ ಅಡ್ಡವಾಗಿ ಅರ್ಧಚಂದ್ರಾಕಾರದ ಕಲ್ಲಿನ ಗೋಡೆ ಇಟ್ಟು ದ್ರಾಕ್ಷಿ ಬೆಳೆದರು. ಬೂದಿಯ ಹರಳುಗಳು ಮಣ್ಣಿನ ತೇವ ಆರದಂತೆ ಕಾಯುತ್ತವೆ. ನೆಲದ ಜೊತೆ ಜಗಳವಾಡದೆ ಕೆಲಸ ಮಾಡುವುದು ಎಂದರೆ ಇದು.

ಅದೇ ದ್ವೀಪದಲ್ಲಿ ಹುಟ್ಟಿದವರು ಸೆಸಾರ್ ಮನ್ರೀಕೆ (1919–1992). ಚಿತ್ರಕಲಾವಿದ, ಶಿಲ್ಪಿ, ಆರ್ಕಿಟೆಕ್ಚರ್ ಪದವಿ ಇರಲಿಲ್ಲ. ನ್ಯೂಯಾರ್ಕಿನಲ್ಲಿ ಕೆಲಕಾಲ ಇದ್ದು 1960ರ ದಶಕದಲ್ಲಿ ಊರಿಗೆ ಮರಳಿದರು. ಪ್ರವಾಸೋದ್ಯಮ ಆಗಷ್ಟೇ ಕಾಲಿಡುತ್ತಿತ್ತು. ಎತ್ತರದ ಕಟ್ಟಡ ಬೇಡ, ರಸ್ತೆ ಬದಿ ಜಾಹೀರಾತು ಫಲಕ ಬೇಡ ಎಂದು ಅವರು ಹಟ ಹಿಡಿದರು. 1973ರಲ್ಲಿ ಪೂರ್ಣಗೊಂಡ ‘ಮಿರಾದೋರ್ ದೆಲ್ ರೀಯೊ’ ಅವರ ಕನಸು. ಹೆಸೂಸ್ ಸೋತೊ ಮತ್ತು ಆರ್ಕಿಟೆಕ್ಟ್ ಎಡ್ವಾರ್ದೊ ಕಾಸೆರೆಸ್ ಜೊತೆಗಿದ್ದರು.

ಸಮುದ್ರದಿಂದ ಸುಮಾರು 475 ಮೀಟರ್ ಎತ್ತರದ ಕಡಿದಾದ ಬಂಡೆ. ಹಿಂದೆ ಅಲ್ಲಿ ಸೈನ್ಯದ ಫಿರಂಗಿ ನೆಲೆ ಇತ್ತು. ಮನ್ರೀಕೆ ತಂಡ ನೆಲವನ್ನು ಅಗೆದು, ಎರಡು ಗುಮ್ಮಟಗಳ ಹಾಲ್ ಕಟ್ಟಿ, ಅದರ ಮೇಲೆ ಮತ್ತೆ ಕಲ್ಲು ಮಣ್ಣು ಹೊದಿಸಿತು. ರಸ್ತೆಯಿಂದ ಕಾಣುವುದು ಬಾಗಿದ ಒಂದು ಕಲ್ಲಿನ ಗೋಡೆಯಷ್ಟೆ. ಬಾಗಿಲು ದಾಟಿದರೆ ಸುತ್ತಿ ಬಳಸಿ ಸಾಗುವ ಬಿಳಿ ಓಣಿ. ಅದು ಮುಗಿದದ್ದೇ ದೊಡ್ಡ ಗಾಜಿನ ಕಿಟಕಿಗಳು, ಕೆಳಗೆ ನೀಲಿ ಜಲಸಂಧಿ, ಆಚೆಗೆ ಲಾ ಗ್ರಾಸಿಯೋಸಾ ದ್ವೀಪ. ನೋಟವನ್ನು ಕೊನೆಯವರೆಗೂ ಬಚ್ಚಿಟ್ಟಿದ್ದೇ ಅಲ್ಲಿನ ಜಾಣತನ.

ನಾನು ಅಲ್ಲಿಗೆ ಹೋದವಳಲ್ಲ. ನಕ್ಷೆ, ಫೋಟೊ, ವಿಡಿಯೊ ನೋಡಿಯೇ ಕಲಿತದ್ದು. ಒಂದು ಸಂಗತಿ ಮಾತ್ರ ನನಗೆ ಬೇಗ ಅರ್ಥವಾಯಿತು. ಆ ಹಾಲ್‌ನಲ್ಲಿ ಕಬ್ಬಿಣದ ಪಟ್ಟಿಗಳ ಎರಡು ದೊಡ್ಡ ಶಿಲ್ಪಗಳು ತೂಗಾಡುತ್ತವೆ. ಅವು ಬರೀ ಅಲಂಕಾರಕ್ಕಲ್ಲ, ಪ್ರತಿಧ್ವನಿ ತಗ್ಗಿಸಲಿಕ್ಕೂ ಹೌದು. ಗೋಲಗುಮ್ಮಟದ ಊರಿನವರಿಗೆ ಗುಮ್ಮಟದೊಳಗೆ ಮಾತಾಡಿದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ!

ನನ್ನ ಅಪ್ಪ ಗೌಂಡಿ. ಥೀಸಿಸ್ ವಿಷಯ ಕೇಳಿ ಅವರು ಹೇಳಿದ್ದು ಒಂದೇ ಮಾತು: ‘ಅಲ್ಲವ್ವಾ, ಕಟ್ಟಿದ್ದು ಕಾಣಬಾರದು ಅಂದ್ರ ಕಟ್ಟೂದು ಯಾಕ?’ ಐದು ವರ್ಷದ ಫೀಸು ಕಟ್ಟಿದವರ ಪ್ರಶ್ನೆ ಅದು, ತಳ್ಳಿಹಾಕುವಂತಿರಲಿಲ್ಲ. ನಾನು ಸೆಕ್ಷನ್ ಡ್ರಾಯಿಂಗ್, ಅಂದರೆ ಕಟ್ಟಡವನ್ನು ಉದ್ದಕ್ಕೆ ಸೀಳಿದರೆ ಕಾಣುವ ಚಿತ್ರ, ಅವರ ಮುಂದೆ ಹರಡಿದೆ. ಒದ್ದೆ ಮಣ್ಣು ಒಂದು ಘನ ಮೀಟರಿಗೆ 1,800ರಿಂದ 2,000 ಕೆ.ಜಿ. ತೂಗುತ್ತದೆ. ಚಾವಣಿ ಮೇಲೆ ಅರ್ಧ ಮೀಟರ್ ಹಾಕಿದರೂ ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್ ಭಾರ. ಸಾಮಾನ್ಯ ತಾರಸಿಯಲ್ಲಿ ಜನ ಓಡಾಡಲು ಲೆಕ್ಕ ಹಿಡಿಯುವುದು ಸುಮಾರು 150 ಕೆ.ಜಿ. ಮಾತ್ರ. ಅದಕ್ಕೇ ಗುಮ್ಮಟ, ಕಮಾನು ಬೇಕು; ಅವು ಭಾರವನ್ನು ಪಕ್ಕಕ್ಕೆ ಸಾಗಿಸಿ ನೆಲಕ್ಕೆ ಇಳಿಸುತ್ತವೆ.

ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ, ‘ಎರಿ ಮಣ್ಣು ಹಾಕಬ್ಯಾಡ. ನೀರು ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಸೀಳತೈತಿ. ಗರಸು ಹಾಕು, ನೀರು ಹೋಗಾಕ ದಾರಿ ಇಡು’ ಅಂದರು. ನನ್ನ ಚಾವಣಿಯ ಪದರಗಳು ನಿರ್ಧಾರವಾದದ್ದು ಹಾಗೆ: ವಾಟರ್‌ಪ್ರೂಫಿಂಗ್, ಅದರ ಮೇಲೆ ಜಲ್ಲಿ, ಮೇಲೆ ಗರಸು, ದಿಬ್ಬದ್ದೇ ಹುಲ್ಲು. ಡೆಕ್ಕನ್ನು ನೆತ್ತಿಗಿಂತ ಕೆಳಗೆ, ಇಳಿಜಾರಿನೊಳಗೆ ಕೂರಿಸಿದೆ. ಆಕಾಶದ ಗೆರೆ ಕೆಡಬಾರದು. ಗಾಜನ್ನು ನೆರಳಿನೊಳಗೆ ಹಿಂದಕ್ಕೆ ಸರಿಸಿದೆ. ಹೊಳಪು ದೂರಕ್ಕೆ ಕಾಣಬಾರದು, ಹಕ್ಕಿಗಳು ಬಂದು ಬಡಿಯಬಾರದು. ಪಾರ್ಕಿಂಗ್, ಶೌಚಾಲಯ, ಚಹಾ ಅಂಗಡಿ ಎಲ್ಲ ದಿಬ್ಬದ ಹಿಂದೆ. ಡೆಕ್ ಎಷ್ಟೇ ಚೆನ್ನಾಗಿ ಅಡಗಿದ್ದರೂ ಅದರ ಮುಂದೆ ನಲವತ್ತು ಕಾರು ನಿಂತರೆ ಏನು ಪ್ರಯೋಜನ?

ಥೀಸಿಸ್ ಪಾಸಾಯಿತು. ಈಗ ಕೆಲಸದ ಹುಡುಕಾಟ. ಈಚೆಗೆ ಬೆಂಗಳೂರಿನ ಒಂದು ಕಚೇರಿಯ ಸಂದರ್ಶನದಲ್ಲಿ ಪೋರ್ಟ್‌ಫೋಲಿಯೊ ತಿರುವುತ್ತಿದ್ದವರು ಈ ಶೀಟಿನ ಬಳಿ ನಿಂತು, ‘ಇದರಲ್ಲಿ ಕಟ್ಟಡ ಎಲ್ಲಿದೆ?’ ಎಂದು ಕೇಳಿದರು. ಸೆಕ್ಷನ್ ತೋರಿಸಿ ವಿವರಿಸಿದೆ. ಅವರು ತಲೆದೂಗಿದರು. ಕರೆ ಇನ್ನೂ ಬಂದಿಲ್ಲ.

ಕಣ್ಣು ಕುಕ್ಕುವಂತಹ ನಾಲ್ಕು ರೆಂಡರ್ ಸೇರಿಸು, ಇಲ್ಲದಿದ್ದರೆ ಯಾರೂ ನೋಡುವುದಿಲ್ಲ ಎಂದು ಗೆಳತಿಯರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ; ಸಂದರ್ಶನಕ್ಕೆ ಸಿಗುವುದು ಹದಿನೈದು ನಿಮಿಷ. ಅದಕ್ಕೇ ಒಂದು ಕೆಲಸ ಮಾಡಿದ್ದೇನೆ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಿದ್ದೇನೆ: ಕಟ್ಟುವ ಮೊದಲಿನ ದಿಬ್ಬ, ಕಟ್ಟಿದ ಮೇಲಿನ ದಿಬ್ಬ. ಕೆಳಗೆ ಅಪ್ಪನ ಪ್ರಶ್ನೆ, ಅದರಡಿ ಸೆಕ್ಷನ್. ಮುಂದಿನ ವಾರ ಮೈಸೂರಿನಲ್ಲಿ ಇನ್ನೊಂದು ಸಂದರ್ಶನವಿದೆ. ಪೋರ್ಟ್‌ಫೋಲಿಯೊದ ಮೊದಲ ಪುಟವೇ ಅದು.