ಪಟ್ಟಿಯಲ್ಲಿದ್ದೂ ಸಿಗದ ಬೀದರ್

ಎಸ್‌ಟಿಡಿ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದರೆ ಬೀದರ್ ಜಿಲ್ಲೆಯ ಹಳೆಯ ಐದು ತಾಲ್ಲೂಕು ಕೇಂದ್ರಗಳು ಒಂದರ ಪಕ್ಕ ಒಂದು ಬರುತ್ತವೆ: 08481 ಬಸವಕಲ್ಯಾಣ, 08482 ಬೀದರ್, 08483 ಹುಮನಾಬಾದ್, 08484 ಭಾಲ್ಕಿ, 08485 ಔರಾದ್. ಇಲ್ಲಿ ಸಂಖ್ಯೆಯೇ ಕೀಲಿ, ಊರು ಅದಕ್ಕೆ ಜೋಡಿಸಿದ ಮಾಹಿತಿ. ಇಂಥ ಜೋಡಿಗಳನ್ನು ಕೀಲಿಯ ಕ್ರಮದಲ್ಲೇ ಇಟ್ಟುಕೊಳ್ಳುವ ವ್ಯವಸ್ಥೆಗಳು ಅನೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿವೆ. 1998ರಲ್ಲಿ ಪ್ರಮಾಣಿತಗೊಂಡ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಅದರ ಹೆಸರು ಮ್ಯಾಪ್. 08484 ಯಾವ ಊರಿನದು ಎಂದು ತಿಳಿಯಲು ಮೊದಲಿನಿಂದ ಓದಬೇಕಿಲ್ಲ. ನಡುವಿನ 08483 ನೋಡಿದರೆ ಸಾಕು, ಬೇಕಾದದ್ದು ಅದಕ್ಕಿಂತ ದೊಡ್ಡದು, ಎಡಗಡೆಯದನ್ನೆಲ್ಲ ಬಿಟ್ಟುಬಿಡಬಹುದು. ಐದು ಊರುಗಳಲ್ಲಿ ಇದರ ಲಾಭ ಕಾಣುವುದಿಲ್ಲ. ಆದರೆ ಭೂಮಿ ಯೋಜನೆಯಲ್ಲಿ ಕರ್ನಾಟಕ ಗಣಕಕ್ಕೆ ಏರಿಸಿದ ಪಹಣಿಗಳು ಸುಮಾರು 2 ಕೋಟಿ. ಅಷ್ಟು ದಾಖಲೆಗಳು ಒಂದೇ ಕ್ರಮದಲ್ಲಿದ್ದರೆ, ಪ್ರತಿ ಸಲ ಅರ್ಧ ಬಿಡುತ್ತ ಹೋಗುವವರಿಗೆ 25 ಹೋಲಿಕೆಗಳೊಳಗೆ ಬೇಕಾದದ್ದು ಸಿಗುತ್ತದೆ. ಹೊಸ ದಾಖಲೆ ಬಂದಾಗ ಉಳಿದವನ್ನೆಲ್ಲ ಸರಿಸುವ ಕಷ್ಟ ತಪ್ಪಿಸಲು ಮ್ಯಾಪ್ ಸಾಮಾನ್ಯವಾಗಿ ಕೀಲಿಗಳನ್ನು ಸಾಲಿನ ಬದಲು ಕವಲೊಡೆಯುವ ವೃಕ್ಷವಾಗಿ ಇಟ್ಟುಕೊಳ್ಳುತ್ತದೆ. ಒಂದು ಕಡೆಗೇ ವಾಲದಂತೆ ತನ್ನನ್ನು ಸರಿಪಡಿಸಿಕೊಳ್ಳುವ ಇಂಥ ಮೊದಲ ವೃಕ್ಷವನ್ನು 1962ರಲ್ಲಿ ಸೋವಿಯತ್ ಒಕ್ಕೂಟದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ಎಂಬ ಗಣಿತಜ್ಞರು ಕಟ್ಟಿದರು.

ಈ ವೇಗವನ್ನು ಎಲ್ಲರೂ ಹೊಗಳುತ್ತಾರೆ. ಅದು ನಿಂತಿರುವ ನೆಲವನ್ನು ಪರೀಕ್ಷಿಸುವವರು ಕಡಿಮೆ. ಹುಡುಕುವಾಗ ಮ್ಯಾಪ್ ಕೇಳುವುದು ಒಂದೇ ಪ್ರಶ್ನೆ: ಈ ಎರಡು ಕೀಲಿಗಳಲ್ಲಿ ಯಾವುದು ಮೊದಲು? ಎರಡೂ ಒಂದೇ ಹೌದೋ ಅಲ್ಲವೋ ಎಂದು ಅದು ಬೇರೆಯಾಗಿ ಕೇಳುವುದೂ ಇಲ್ಲ. ಇದು ಅದಕ್ಕಿಂತ ಮೊದಲಲ್ಲ, ಅದು ಇದಕ್ಕಿಂತ ಮೊದಲಲ್ಲ ಎಂದಾದರೆ ಎರಡೂ ಒಂದೇ ಎಂದು ತೀರ್ಮಾನಿಸುತ್ತದೆ. ಹಾಗಾಗಿ ಯಾವುದು ಸಿಗಬೇಕು, ಯಾವುದು ಸಿಗಬಾರದು ಎಂಬುದನ್ನು ನಿರ್ಧರಿಸುವುದು ಹೋಲಿಕೆಯ ನಿಯಮವೇ. ಆ ನಿಯಮ ನಮ್ಮ ದಾಖಲೆಗಳಿಗೆ ಹೊಂದದಿದ್ದರೆ ಯಂತ್ರ ಅಷ್ಟೇ ವೇಗವಾಗಿ ತಪ್ಪು ಕವಲಿಗೆ ಇಳಿದು, ಇರುವ ದಾಖಲೆಯನ್ನೇ ಇಲ್ಲ ಎಂದು ಹೇಳುತ್ತದೆ.

ಇದಕ್ಕೆ ಬೀದರ್ ಎಂಬ ಹೆಸರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಗಣಕಗಳು ಅಕ್ಷರಗಳನ್ನು ಸಂಖ್ಯೆಗಳಾಗಿ ಇಡಲು ಬಳಸುವ ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಒಂದು ಸಂಖ್ಯೆಯಿದೆ. ಬ 3244, ಗುಡಿಸು 3263, ಗುಡಿಸಿನ ದೀರ್ಘ 3264. ಆದರೆ ಬರಿಯ ದೀರ್ಘದ ಚಿಹ್ನೆಗೂ ಪ್ರತ್ಯೇಕವಾಗಿ 3285 ಎಂಬ ಸಂಖ್ಯೆಯಿದೆ. ಹೀಗಾಗಿ ‘ಬೀ’ ಎಂಬುದನ್ನು ಬ ಮತ್ತು 3264 ಎಂದೂ ಇಡಬಹುದು, ಬ, 3263, 3285 ಎಂದು ಮೂರು ತುಂಡುಗಳಲ್ಲೂ ಇಡಬಹುದು. ಎರಡೂ ಒಂದಕ್ಕೊಂದು ಸಮ ಎಂದು ಯುನಿಕೋಡ್ ನಿಯಮವೇ ಹೇಳುತ್ತದೆ. ಪರದೆಯ ಮೇಲೆ, ಮುದ್ರಣದಲ್ಲಿ ಕಣ್ಣಿಗೆ ವ್ಯತ್ಯಾಸವೇ ಕಾಣದು. ಸಂಖ್ಯೆಗಳನ್ನಷ್ಟೇ ಹೋಲಿಸುವ ಮ್ಯಾಪ್‌ಗೆ ಮಾತ್ರ ಇವು ಎರಡು ಬೇರೆ ಊರು. ತುಂಡಾಗಿ ಬರೆದ ಬೀದರ್ ‘ಬಿದರಿ’ಯಂಥ ಪದಗಳನ್ನೆಲ್ಲ ದಾಟಿ, ಆದರೆ ‘ಬೀಗ’ಕ್ಕಿಂತ ಮೊದಲು ಹೋಗಿ ಕೂರುತ್ತದೆ, ಯಾವ ನಿಘಂಟಿನಲ್ಲೂ ಅದು ಇರಬೇಕಾದ ಜಾಗವಲ್ಲ ಅದು. ಇಡಿಯಾಗಿ ಟೈಪು ಮಾಡಿ ಹುಡುಕಿದವರಿಗೆ ಅದು ಸಿಗುವುದಿಲ್ಲ.

ಹೆಸರಿನ ಗೊಡವೆಯೇ ಬೇಡ, ಸಂಖ್ಯೆಯನ್ನೇ ಕೀಲಿ ಮಾಡಿಕೊಳ್ಳಿ ಎನ್ನುವವರಿದ್ದಾರೆ. ಅರ್ಧ ಮಟ್ಟಿಗೆ ಈ ಸಲಹೆ ಸರಿ. ಆದರೆ ಸಂಖ್ಯೆಗೂ ಹೋಲಿಕೆಯ ನಿಯಮ ಬೇಕೇ ಬೇಕು. ಪಹಣಿಯ ಸರ್ವೆ ನಂಬರನ್ನು ಅಕ್ಷರಗಳ ಸಾಲಾಗಿ ಇಟ್ಟರೆ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ, ಏಕೆಂದರೆ ಹೋಲಿಕೆ ಮೊದಲ ಅಂಕಿಯಲ್ಲೇ ಮುಗಿದುಹೋಗುತ್ತದೆ. 12/10 ಹಿಸ್ಸಾ ಕೂಡ 12/2ಕ್ಕಿಂತ ಮೊದಲೇ ಬಂದು ಕೂರುತ್ತದೆ. 2ರಿಂದ 9ರವರೆಗಿನ ಸರ್ವೆ ನಂಬರ್ ಕೊಡಿ ಎಂದರೆ 25, 30, 87 ಕೂಡ ಬಂದು ಸೇರುತ್ತವೆ. ಹಾಗೆಂದು ಎಲ್ಲವನ್ನೂ ಬರಿಯ ಸಂಖ್ಯೆಯಾಗಿಸಿದರೆ ಭಾಲ್ಕಿಯ 08484 ಮೊದಲ ಸೊನ್ನೆ ಕಳೆದುಕೊಂಡು 8484 ಆಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಚೇರಿಯ ಕಿಟಕಿಯ ಮುಂದೆ ನಿಂತ ರೈತ ತರುವುದು ತನ್ನ ಹೆಸರು ಮತ್ತು ಊರಿನ ಹೆಸರನ್ನು. ಆ ಹೆಸರಿನಿಂದ ಸಂಖ್ಯೆಗೆ ತಲುಪಬೇಕಾದರೂ ಮೊದಲು ಹೆಸರನ್ನೇ ಹುಡುಕಬೇಕು.

ಇನ್ನೊಂದು ಆಕ್ಷೇಪ ಪ್ರೋಗ್ರಾಮರುಗಳದು. ಹ್ಯಾಶ್ ವಿಧಾನದಲ್ಲಿ ಕೀಲಿಯಿಂದಲೇ ಜಾಗದ ಲೆಕ್ಕ ಹಾಕಿ ನೇರ ಅಲ್ಲಿಗೆ ಹೋಗಬಹುದು, ಕ್ರಮವೇಕೆ ಎಂದು ಅವರು ಕೇಳುತ್ತಾರೆ. ಒಂದೇ ಒಂದು ನಿಖರ ಕೀಲಿ ಹುಡುಕುವಾಗ ಅದು ಸಾಮಾನ್ಯವಾಗಿ ಹೆಚ್ಚು ವೇಗ, ಒಪ್ಪೋಣ. 2011ರಲ್ಲಿ ಸಿ ಪ್ಲಸ್ ಪ್ಲಸ್ ಕೂಡ ಅದನ್ನು ಸೇರಿಸಿಕೊಂಡಿತು. ಆದರೆ ಹ್ಯಾಶ್‌ನಲ್ಲಿ ನೆರೆಹೊರೆ ಎಂಬುದಿಲ್ಲ. ಕೇಳಿದ್ದು ಇಲ್ಲದಿದ್ದರೆ ಅದು ಇಲ್ಲ ಎಂದಷ್ಟೇ ಹೇಳಬಲ್ಲದು. ಮ್ಯಾಪ್‌ನಲ್ಲಿ ನಿಖರ ಕೀಲಿ ಹುಡುಕುವ ಫೈಂಡ್ ಜೊತೆಗೆ ಲೋಯರ್ ಬೌಂಡ್ ಎಂಬ ಇನ್ನೊಂದು ವಿಧಾನವಿದೆ: ಕೇಳಿದ ಕೀಲಿ ಇದ್ದರೆ ಅದನ್ನು, ಇಲ್ಲದಿದ್ದರೆ ಅದರ ನಂತರದ್ದನ್ನು ತೋರಿಸುತ್ತದೆ. ‘ಭಾಲ್’ ಎಂದಷ್ಟೇ ಟೈಪು ಮಾಡಿದವರಿಗೆ ಭಾಲ್ಕಿ ಕಾಣಿಸುವುದು ಹೀಗೆ. ಇನ್ನು ತುಂಡಾದ ಬೀದರಿನ ತೊಡಕನ್ನು ಹ್ಯಾಶ್ ಬಿಡಿಸುವುದಿಲ್ಲ, ಎರಡು ರೂಪಗಳನ್ನು ಮತ್ತಷ್ಟು ದೂರಕ್ಕೆ ಎಸೆಯುತ್ತದೆ.

ದಾಖಲೆ ಸೇರಿಸುವಾಗಲೂ ಹುಡುಕುವಾಗಲೂ ಹೆಸರನ್ನು ಒಂದೇ ರೂಪಕ್ಕೆ ತರುವುದು ಇದಕ್ಕೆ ಮದ್ದು. ನಾರ್ಮಲೈಸೇಶನ್ ಎಂಬ ಈ ಸೌಲಭ್ಯ ಅನೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಿದ್ಧವಾಗಿಯೇ ಸಿಗುತ್ತದೆ, ಕೆಲವೇ ಸಾಲುಗಳ ಕೆಲಸ. ಆದರೆ ಅದು ಒಡೆದ ಚಿಹ್ನೆಗಳನ್ನು ಕೂಡಿಸುತ್ತದೆಯೇ ಹೊರತು ಬೀದರ, ಬೀದರ್ ಎಂಬ ಎರಡು ಬರವಣಿಗೆಗಳನ್ನು ಒಂದು ಮಾಡುವುದಿಲ್ಲ. ಔರಾದ, ಔರಾದ್ ಕೂಡ ಹಾಗೆಯೇ. ಇವನ್ನು ಒಂದೆಂದು ಎಣಿಸಬೇಕು, ಆದರೆ ಗಡಿಯಾಚೆ ಲಾತೂರ್ ಜಿಲ್ಲೆಯಲ್ಲಿರುವ ಔರಾದ್ ಶಹಾಜಾನಿಯನ್ನು ಇವುಗಳ ಜೊತೆ ಬೆರೆಸಬಾರದು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಆಡುವ ಈ ಜಿಲ್ಲೆಯಲ್ಲಿ ಇಂಥ ಹೆಸರುಗಳು ಇನ್ನೆಷ್ಟೋ ಇರುತ್ತವೆ. ಯಾವುವು ಒಂದೇ, ಯಾವುವು ಬೇರೆ ಎಂಬ ಪಟ್ಟಿಯನ್ನು ದೂರದ ಪ್ರೋಗ್ರಾಮರ್ ಊಹಿಸಿ ಬರೆಯಲಾರ. ಆಯಾ ತಾಲ್ಲೂಕಿನ ಗ್ರಾಮ ಆಡಳಿತಾಧಿಕಾರಿಗಳನ್ನೂ ಶಿಕ್ಷಕರನ್ನೂ ಕೂರಿಸಿಕೊಂಡು, ತಂತ್ರಾಂಶದ ಮೊದಲ ಸಾಲು ಬರೆಯುವ ಮುಂಚೆಯೇ ಅದನ್ನು ಸಿದ್ಧಪಡಿಸಿಕೊಳ್ಳಬೇಕು.