ಮುಳ್ಳು ಮಧ್ಯದಲ್ಲಿದ್ದರೆ ಸಾಕೇ?

ಚಾಂಗಿ ಬಿಸಿನೆಸ್ ಪಾರ್ಕಿನ ಶುಕ್ರವಾರದ ಸಂಜೆ ಹೇಗಿರುತ್ತದೆಂದು ನಮ್ಮ ಶಾಲೆಯ ಅನೇಕ ಪೋಷಕರಿಗೆ ಗೊತ್ತು. ಒಂದು ಕಡೆ ಎಕ್ಸ್‌ಪೋದಲ್ಲಿ ಯಾವುದೋ ಮಾರಾಟ ಮೇಳ, ಇನ್ನೊಂದು ಕಡೆ ಕಚೇರಿ ಬಿಟ್ಟು ಹೊರಟ ಜನ, ನಡುವೆ ಆಮೆಯಂತೆ ತೆವಳುವ ಕಾರುಗಳ ಸಾಲು. ಅಂಥದೊಂದು ಸಂಜೆ ಸೆಂಟ್ರಲ್ 1 ರಸ್ತೆಯಲ್ಲಿ ನಮ್ಮ ಒಂಬತ್ತು ವರ್ಷದ ಕಾರಿನ ಬಾನೆಟ್ಟಿನ ಅಂಚಿನಿಂದ ಬಿಳಿ ಆವಿ ಏಳತೊಡಗಿತು. ಹಿಂದಿನ ಸೀಟಿನಲ್ಲಿದ್ದ ಮಗಳು, “ಅಪ್ಪಾ, ಕಾರು ಇಡ್ಲಿ ಬೇಯಿಸ್ತಾ ಇದೆ!” ಎಂದಳು.

ನಮಗೆ ನಗು ಬರಲಿಲ್ಲ. ಐದು ನಿಮಿಷದ ಹಿಂದೆ ನೋಡಿದಾಗ ಉಷ್ಣತೆಯ ಮುಳ್ಳು ಎಂದಿನಂತೆ ಮಧ್ಯದಲ್ಲೇ ಇತ್ತು! ಗಾಬರಿಯಲ್ಲಿ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಚಾಚಿದೆವು. ಹಿಂದಿನಿಂದ ಓಡಿಬಂದ ಟ್ಯಾಕ್ಸಿ ಚಾಲಕರೊಬ್ಬರು ಕೈ ಹಿಡಿದು ನಿಲ್ಲಿಸಿದರು. ಅವರು ಬಾರದಿದ್ದರೆ ಅಂದು ನಾವು ಹೋಗಬೇಕಾಗಿದ್ದುದು ಗ್ಯಾರೇಜಿಗಲ್ಲ, ಆಸ್ಪತ್ರೆಗೆ. ಯಾಕೆಂದು ತಿಳಿಯಲು ನಮ್ಮ ಅಡುಗೆಮನೆಯ ಕುಕ್ಕರನ್ನು ನೆನಪಿಸಿಕೊಂಡರೆ ಸಾಕು.

ಸಮುದ್ರಮಟ್ಟದ ಸಿಂಗಪುರದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಹೆಚ್ಚು, ಅಲ್ಲಿ ನೀರು 120 ಡಿಗ್ರಿಯ ಹತ್ತಿರ ಹೋದರೂ ದ್ರವವಾಗಿಯೇ ಇರುತ್ತದೆ. ಕಾರಿನ ರೇಡಿಯೇಟರಿನ ಮುಚ್ಚಳವೂ ಇದೇ ಕೆಲಸ ಮಾಡುತ್ತದೆ. ಸ್ಪ್ರಿಂಗಿನ ಬಲದಿಂದ ಒಳಗೆ ಸುಮಾರು ಒಂದು ವಾಯುಭಾರದಷ್ಟು ಹೆಚ್ಚಿನ ಒತ್ತಡ ಹಿಡಿದಿಡುತ್ತದೆ. ಬಿಸಿಯಿದ್ದಾಗ ಅದನ್ನು ತೆರೆದರೆ ಒತ್ತಡ ಒಮ್ಮೆಲೇ ಇಳಿದು, ಒಳಗಿನ ನೀರು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಸೀಟಿ ಇಳಿಯದ ಕುಕ್ಕರನ್ನು ಯಾರಾದರೂ ತೆರೆಯುತ್ತಾರೆಯೇ?

ಇಷ್ಟೊಂದು ಬಿಸಿ ಎಲ್ಲಿಂದ ಬರುತ್ತದೆ? ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ 2000 ಡಿಗ್ರಿ ದಾಟುತ್ತದೆ. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಚಕ್ರ ತಿರುಗಿಸಲು ಹೋಗದೆ ಕೂಲೆಂಟ್ ಎಂಬ ತಂಪುದ್ರವಕ್ಕೆ ಸೇರುತ್ತದೆ. ಪಂಪು ಆ ದ್ರವವನ್ನು ಎಂಜಿನ್ನಿನ ಸುತ್ತ ಓಡಿಸುತ್ತದೆ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟ್ಯಾಟ್ ಎಂಬ ಬಾಗಿಲು ರೇಡಿಯೇಟರಿನ ದಾರಿಯನ್ನು ಮುಚ್ಚಿರುತ್ತದೆ. ಅದರೊಳಗೆ ಒಂದಿಷ್ಟು ಮೇಣ. ಬಹಳಷ್ಟು ಕಾರುಗಳಲ್ಲಿ 80ರಿಂದ 90 ಡಿಗ್ರಿಯ ನಡುವೆ ಆ ಮೇಣ ಕರಗಿ, ಹಿಗ್ಗಿ, ಬಾಗಿಲನ್ನು ತಳ್ಳಿ ತೆರೆಯುತ್ತದೆ. ಆಮೇಲೆ ದ್ರವ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಹರಿದು ಗಾಳಿಗೆ ಬಿಸಿ ಒಪ್ಪಿಸಿ ಮರಳುತ್ತದೆ. ಕಾರು ಓಡುತ್ತಿದ್ದರೆ ಗಾಳಿ ತಾನಾಗಿ ನುಗ್ಗುತ್ತದೆ. ಸಾಲಿನಲ್ಲಿ ನಿಂತಾಗ ಫ್ಯಾನೊಂದೇ ಗತಿ. ಸಾಲದ್ದಕ್ಕೆ ಎ.ಸಿ.ಯ ಬಿಸಿಯೂ ರೇಡಿಯೇಟರಿನ ಮುಂದೆಯೇ ಬಂದು ಸೇರುತ್ತದೆ.

ಸರಿ, ಆದರೆ ಮುಳ್ಳು ಯಾಕೆ ಸುಳ್ಳು ಹೇಳಿತು? ನಿಜ ಹೇಳಬೇಕೆಂದರೆ, ಅದಕ್ಕೆ ಸತ್ಯ ಹೇಳುವ ಅವಕಾಶವೇ ಕಡಿಮೆ. ಮುಳ್ಳು ಸ್ವಲ್ಪ ಅತ್ತಿತ್ತ ಆಡಿದರೂ ಜನ ಹೆದರುತ್ತಾರೆಂದು ಅನೇಕ ತಯಾರಕರು, ದ್ರವ 80 ಡಿಗ್ರಿಯಲ್ಲಿರಲಿ 100ರಲ್ಲಿರಲಿ, ಅದು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಇದು ನಮಗೆ ಅಷ್ಟು ಸರಿ ಕಾಣುವುದಿಲ್ಲ. ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಮುಳ್ಳೂ ಇಲ್ಲ, ತಣ್ಣಗಿದ್ದರೆ ನೀಲಿ ದೀಪ, ಮಿತಿ ಮೀರಿದರೆ ಕೆಂಪು ದೀಪ, ಅಷ್ಟೇ. ಇನ್ನೊಂದು ಕಾರಣ ಹೆಚ್ಚು ಅಪಾಯಕಾರಿ. ಉಷ್ಣತೆ ಅಳೆಯುವ ಸಂವೇದಕ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯಬಲ್ಲದು. ಸೋರಿಕೆಯಿಂದ ದ್ರವ ಇಳಿದು ಅದರ ಸುತ್ತ ಬರೀ ಗಾಳಿ ಅಥವಾ ಆವಿ ಉಳಿದಾಗ, ಎಂಜಿನ್ ಬೇಯುತ್ತಿದ್ದರೂ ಅದು ಕಡಿಮೆ ಉಷ್ಣತೆಯನ್ನೇ ವರದಿ ಮಾಡಬಹುದು. ನಮ್ಮ ಕಾರಿನಲ್ಲಿ ಆದದ್ದೂ ಇದೇ. ಮೇಲಿನ ರಬ್ಬರ್ ಕೊಳವೆಯ ಕೂದಲೆಳೆಯ ಬಿರುಕಿನಿಂದ ವಾರಗಟ್ಟಲೆ ದ್ರವ ಒಸರಿ ಹೋಗಿತ್ತು.

ಇದೇ ಬಿಸಿನೆಸ್ ಪಾರ್ಕಿನಲ್ಲಿ ನೆಲದಡಿ ಇನ್ನೊಂದು ತಂಪಿನ ವ್ಯವಸ್ಥೆ ಇದೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಕೆಪೆಲ್ ಸಂಸ್ಥೆ ನಡೆಸುವ ಒಂದು ಕೇಂದ್ರ ಸ್ಥಾವರ ನೀರನ್ನು ತಣ್ಣಗಾಗಿಸಿ ಕೊಳವೆಗಳ ಮೂಲಕ ಇಲ್ಲಿನ ಹಲವು ಕಟ್ಟಡಗಳಿಗೆ ಕಳಿಸುತ್ತದೆ. ಕಟ್ಟಡದ ಬಿಸಿ ಹೊತ್ತ ನೀರು ಮತ್ತೆ ಸ್ಥಾವರಕ್ಕೆ ಬರುತ್ತದೆ. ಥೇಟ್ ಎಂಜಿನ್ ಮತ್ತು ರೇಡಿಯೇಟರಿನ ಕಥೆಯೇ! ಆದರೆ ಇಂಥ ಸ್ಥಾವರಗಳಲ್ಲಿ ಯಾರೂ ಒಂದೇ ಉಷ್ಣಮಾಪಕವನ್ನು ನಂಬಿ ಕೂರುವುದಿಲ್ಲ. ಹೋಗುವ ನೀರಿನ ಉಷ್ಣತೆ, ಬರುವ ನೀರಿನ ಉಷ್ಣತೆ, ಹರಿವು, ಒತ್ತಡ ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಉಷ್ಣತೆ ಸರಿಯಿದ್ದು ಒತ್ತಡ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಎಂದರ್ಥ.

ಮನೆಯ ಕಾರಿಗೆ ಅಷ್ಟೆಲ್ಲ ಉಪಕರಣ ಬೇಡ. ಭಾನುವಾರ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಬಾನೆಟ್ ಎತ್ತಿ ಕೂಲೆಂಟಿನ ಪ್ಲಾಸ್ಟಿಕ್ ಡಬ್ಬಿಯನ್ನು ಹೊರಗಿನಿಂದಲೇ ನೋಡುತ್ತೇವೆ. ಕನಿಷ್ಠ ಮತ್ತು ಗರಿಷ್ಠ ಗೆರೆಗಳ ನಡುವೆ ದ್ರವ ಎಲ್ಲಿದೆಯೋ ಅಲ್ಲಿ ಮಗಳು ಪೆನ್ಸಿಲಿನಿಂದ ಗುರುತು ಹಾಕಿ ತನ್ನ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಮುಚ್ಚಿದ ವ್ಯವಸ್ಥೆಯಲ್ಲಿ ಮಟ್ಟ ವಾರವಾರವೂ ಇಳಿಯುವಂತಿಲ್ಲ. ಕಾರಿನ ಕೆಳಗೆ ತೇವ ಕಂಡರೆ ಹೆದರಬೇಕಿಲ್ಲ, ಎ.ಸಿ.ಯ ನೀರಾದರೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣವಿದ್ದು ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಅದರಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಮಕ್ಕಳೇ, ಮುಟ್ಟಬೇಡಿ, ಬೆಕ್ಕು ನೆಕ್ಕಲೂ ಬಿಡಬೇಡಿ.

ಸ್ಟಿಯರಿಂಗಿನ ಕೆಳಗಿರುವ ಪರೀಕ್ಷಾ ಕಿಂಡಿಗೆ ಸಣ್ಣ ರೀಡರ್ ಚುಚ್ಚಿದರೆ ಮೊಬೈಲಿನಲ್ಲೇ ಉಷ್ಣತೆ ಅಂಕಿಯಾಗಿ ಕಾಣುತ್ತದೆ. ಇದರಿಂದ ನಮ್ಮ ಕಾರಿನ ಸ್ವಭಾವ ನಮಗೆ ಪರಿಚಯವಾಯಿತು. ಓಡುವಾಗ ಇಷ್ಟು, ಸಾಲಿನಲ್ಲಿ ನಿಂತಾಗ ಇಷ್ಟು, ಫ್ಯಾನ್ ತಿರುಗಿದರೆ ಇಷ್ಟು ಇಳಿಕೆ. ಬಹಳ ಹೊತ್ತಾದರೂ ಬಿಸಿಯೇ ಏರದಿದ್ದರೆ ಅದೂ ರೋಗವೇ, ಥರ್ಮೋಸ್ಟ್ಯಾಟ್ ತೆರೆದೇ ಉಳಿದಿರಬಹುದು. ಕಾರಿನ ಕಂಪ್ಯೂಟರ್ ಇದನ್ನು ಪಿ 0128 ಎಂಬ ಸಂಕೇತದಿಂದ ದಾಖಲಿಸುತ್ತದೆ.

ಊರಿನಿಂದ ಬಂದಿದ್ದ ಅಜ್ಜ ಇದನ್ನೆಲ್ಲ ಕೇಳಿ ನಕ್ಕರು. ಅವರ ಕಾಲದಲ್ಲಿ ಆಗುಂಬೆ ಘಾಟಿ ಹತ್ತುವ ಬಸ್ಸುಗಳು ದಾರಿಯಲ್ಲಿ ನಿಂತು, ಕ್ಲೀನರ್ ಹುಡುಗ ಡಬ್ಬ ಹಿಡಿದು ತೊರೆಯ ನೀರು ತಂದು ಸುರಿಯುತ್ತಿದ್ದನಂತೆ. “ಇಲ್ಲಿ ಹಿಮವೇ ಬೀಳೋಲ್ಲ, ನಲ್ಲಿ ನೀರು ಸಾಲದೇನು?” ಎಂದು ಕೇಳಿದರು. ಸಾಲದು. ಕೂಲೆಂಟ್ ಕುದಿಯುವ ಬಿಂದುವನ್ನು ಏರಿಸುತ್ತದೆ, ಅಲ್ಯೂಮಿನಿಯಂ ಮತ್ತು ಕಬ್ಬಿಣ ಸವೆಯದಂತೆ ಕಾಯುತ್ತದೆ. ಬರೀ ನೀರು ತುಕ್ಕು ತಂದು ಆ ಸಣ್ಣ ಕೊಳವೆಗಳನ್ನು ಕಟ್ಟಿಸುತ್ತದೆ. ಎಂಜಿನ್ನೇ ಇಲ್ಲದ ವಿದ್ಯುತ್ ಕಾರುಗಳಲ್ಲೂ ಬಹುತೇಕ ಬ್ಯಾಟರಿಗಳನ್ನು ಕೂಲೆಂಟೇ ತಣ್ಣಗಿಡುತ್ತದೆ. ಆದ್ದರಿಂದ ಈ ವಿಷಯ ಹಳತಾಗುವ ಹಾಗಿಲ್ಲ.

ದಾರಿಯಲ್ಲಿ ಕೆಂಪು ದೀಪ ಹತ್ತಿದರೆ ಎ.ಸಿ. ಆರಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ. ‘ಮನೆ ಇಲ್ಲೇ ಇದೆಯಲ್ಲ’ ಎಂದು ಓಡಿಸಿದರೆ ಸಿಲಿಂಡರಿನ ಅಲ್ಯೂಮಿನಿಯಂ ತಲೆ ಬಾಗಿ, ಗ್ಯಾಸ್ಕೆಟ್ ಹೋಗಿ, ಖರ್ಚು ಸಾವಿರಾರು ಡಾಲರಿಗೆ ಏರಬಹುದು. ಮುಚ್ಚಳಕ್ಕಂತೂ ಕೈ ಹಾಕಲೇಬೇಡಿ, ಪೂರ್ತಿ ತಣ್ಣಗಾಗಲಿ. ಸಿಂಗಪುರದ ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರು ಕೆಟ್ಟರೆ ಎಲ್.ಟಿ.ಎ.ಯ ವಾಹನ ಹತ್ತಿರದ ನಿಗದಿತ ಕಾರ್ ಪಾರ್ಕಿಗೆ ಉಚಿತವಾಗಿ ಎಳೆದು ಬಿಡುತ್ತದೆ.

ನಮ್ಮ ಅದೃಷ್ಟಕ್ಕೆ ಅಂದು ಹೊಸ ಕೊಳವೆ ಮತ್ತು ಕೂಲೆಂಟಿನ ಖರ್ಚಿಗೇ ಮುಗಿಯಿತು. ಮೂರು ತಿಂಗಳ ನಂತರ ಮಗಳ ಪೆನ್ಸಿಲ್ ಗೆರೆಗಳು ಮತ್ತೆ ಒಂದರ ಕೆಳಗೊಂದು ಇಳಿಯತೊಡಗಿದವು. ಮುಳ್ಳು ಮಾತ್ರ ಮಧ್ಯದಲ್ಲೇ ಇತ್ತು. ಈ ಬಾರಿ ನೋಟ್‌ಬುಕ್ಕನ್ನೇ ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ಅದನ್ನು ನೋಡಿ, ನೇರವಾಗಿ ಕಾರಿನ ಕೆಳಗೆ ಟಾರ್ಚ್ ಹಿಡಿದು ಹುಡುಕಿದರು. ಪಂಪಿನ ಸೀಲ್ ಒಸರುತ್ತಿತ್ತು.